ಜರ್ಮನ್ ಕಪಾಟಿನಲ್ಲಿ ರಷ್ಯದ ಸೂಲಗಿತ್ತಿ

ಕುವೈತಿಗೆ ಹೋಗಿ ಬಂದೆ ಅಂದರೆ ಊರಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಸೆಖೆ ಹೇಗುಂಟು, ಚಿನ್ನ ತಂದಿರಾ. ಅಲ್ಲಿ ಜರ್ಮನಿಯವರ ಜೊತೆ ಜಗಳ ಆಡಿದಿರಾ ಅಂತ ಒಬ್ಬರೂ ಕೇಳಲಿಲ್ಲ. ಆಡಿದ್ದೇನೆ. ಅದೂ ರಷ್ಯದ ಕತೆಪುಸ್ತಕಗಳಿಗಾಗಿ. ಯಾರೂ ಕೇಳದ ಮೇಲೆ ನಾನೇ ಹೇಳುವುದು ಒಳ್ಳೆಯದು. ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅದು ಆರುವುದಿಲ್ಲ, ಹುಳಿಯುತ್ತದೆ.

ಸಾಲ್ಮಿಯಾ, ಎದುರು ಮನೆ

ನನ್ನ ತಂಗಿ ಸುನೀತಾ ರುಮೈಥಿಯಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಾಳೆ. ಅವಳ ಗಂಡ ರಾಘು ಶುವೈಖ್‌ನಲ್ಲಿ ಗಾಡಿ ಬಿಡಿಭಾಗಗಳ ಗೋಡೌನಿನ ಉಸ್ತುವಾರಿ. ಮನೆ ಸಾಲ್ಮಿಯಾದಲ್ಲಿ, ಏಳನೇ ಮಹಡಿ. ಬಾಲ್ಕನಿಯ ಒಂದು ಮೂಲೆಯಲ್ಲಿ ನಿಂತು ಕುತ್ತಿಗೆ ಉದ್ದ ಮಾಡಿದರೆ ಸಮುದ್ರ ಕಾಣುತ್ತದೆ. "ಸೀ ವ್ಯೂ ಅಕ್ಕ, ಬಾಡಿಗೆಯಲ್ಲಿ ಅದೂ ಸೇರಿದೆ" ಅಂತ ರಾಘು ಹೇಳಿದ. ನಮ್ಮ ಕಡೆಯ ಕಡಲು ನೋಡಿದವಳಿಗೆ ಅದು ಬಟ್ಟಲಲ್ಲಿಟ್ಟ ನೀರಿನ ಹಾಗೆ ಕಂಡಿತು. ಬಾಯಿ ಬಿಟ್ಟು ಹೇಳಲಿಲ್ಲ.

ಮೂರನೆಯ ದಿನ ಸಂಜೆ ಗೋಳಿಬಜೆ ಕರಿಯುತ್ತಿದ್ದೆ. ಬೆಲ್ಲು ಆಯಿತು. ಬಾಗಿಲು ತೆಗೆದರೆ ಎತ್ತರದ ಒಬ್ಬ ಬಿಳಿ ಹೆಂಗಸು, ತಲೆ ಪೂರ್ತಿ ನೆರೆತಿದೆ. ಎಣ್ಣೆ ವಾಸನೆಗೆ ತಕರಾರು ಮಾಡಲಿಕ್ಕೆ ಬಂದಳು ಅಂತ ಎಣಿಸಿ ನಾನು ಮೊದಲೇ ಸಾರಿ, ಸಾರಿ ಅಂದೆ. ಅವಳು ಮೂಗನ್ನು ಒಳಗೆ ತೂರಿಸಿ, "ಇದು ಏನು? ನಾನು ಒಂದು ತಿನ್ನಬಹುದಾ?" ಅಂದಳು. ಅದು ಗೆರ್ಡಾ. ಎದುರು ಮನೆಯವಳು, ನನ್ನದೇ ವಯಸ್ಸು, ಗಂಡ ಸಮುದ್ರದ ನೀರು ಸಿಹಿ ಮಾಡುವ ಸ್ಥಾವರದಲ್ಲಿ ಎಂಜಿನಿಯರ್. ಏಳು ಗೋಳಿಬಜೆ ತಿಂದಳು. ಜರ್ಮನಿಯವರು ಗತ್ತಿನವರು ಅಂತ ಯಾರು ಹೇಳಿದರೋ!

ಅವಳದ್ದೂ ನನ್ನದೂ ಇಂಗ್ಲಿಷು ಹೆಚ್ಚುಕಡಿಮೆ ಒಂದೇ ಮಟ್ಟದ್ದು, ಹಾಗಾಗಿ ಚೆನ್ನಾಗಿ ಹೊಂದಿತು. ಏನು ಕೆಲಸ ಮಾಡುತ್ತಿದ್ದೆ ಅಂತ ಕೇಳಿದಳು. ಪಂಚಾಯತ್ ಗ್ರಂಥಾಲಯದ ಮೇಲ್ವಿಚಾರಕಿ, ಈಗ ನಿವೃತ್ತಿ ಅಂದೆ. ಮೊದಲು ಓದಿದ ಪುಸ್ತಕ ಯಾವುದು ಅಂದಳು. ರಷ್ಯದ್ದು ಅಂದೆ. ಅವಳ ಕೈಯಲ್ಲಿದ್ದ ಗೋಳಿಬಜೆ ಹಾಗೇ ನಿಂತಿತು.

ಹೇಳಬೇಕಾಯಿತು. ನಮ್ಮ ಮನೆ ಕಾರ್ಕಳದ ಹತ್ತಿರ. ಜಗಲಿಯಲ್ಲಿ ದೊಡ್ಡಮ್ಮ ಕಲ್ಯಾಣಿಯೂ ನೆರೆಕರೆಯ ಏಳೆಂಟು ಹೆಂಗಸರೂ ಮಡಿಲಲ್ಲಿ ತಡ್ಪೆ ಅನ್ನುವ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಹಾಕಿ ಗಂಟು. ಕೈಗೆ ಕೆಲಸ ಉಂಟು, ಕಿವಿಗೆ ಇಲ್ಲ. ಓದಲಿಕ್ಕೆ ಬರುವವಳು ನಾನೊಬ್ಬಳೇ. ಆಗ ಪೇಟೆಗೆ ಪುಸ್ತಕದ ವ್ಯಾನು ಬರುತ್ತಿತ್ತು. ರಷ್ಯದಲ್ಲೇ ಅಚ್ಚಾದ ಕನ್ನಡ ಪುಸ್ತಕಗಳು, ಗಟ್ಟಿ ರಟ್ಟು, ಒಳ್ಳೆ ಕಾಗದ, ಬೀಡಿ ಕಟ್ಟುವವರ ಮಕ್ಕಳಿಗೂ ಕೊಳ್ಳಲಿಕ್ಕಾಗುವಂಥವು. ನಾನು ಓದುವುದು, ಅವರು ಕಟ್ಟುವುದು. ಒಂದು ಕಟ್ಟಳೆ ಇತ್ತು: ಓದುವವಳ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಬೇಕು. ಆ ಉದ್ದುದ್ದ ಹೆಸರುಗಳು ಯಾರ ಬಾಯಿಗೂ ಬಾರವು. ಗಡ್ಡದ ಜಮೀನ್ದಾರ ಬಂದರೆ "ನಮ್ಮ ಗುತ್ತಿನವರು ಬಂದರು" ಅನ್ನುತ್ತಿದ್ದರು, ಕುಡಿಯುವ ಅಧಿಕಾರಿ ಬಂದರೆ ಊರಿನ ಶಾನುಭೋಗರ ಹೆಸರಿಟ್ಟು ನಗುತ್ತಿದ್ದರು.

ಒಂದು ಕತೆ ಎಲ್ಲರಿಗೂ ಹಿಡಿಸಿತ್ತು. ಒಬ್ಬ ಸೂಲಗಿತ್ತಿ. ಅವಳ ಮಗನನ್ನು ಜೈಲಿಗೆ ಹಾಕಿಸಿದವನ ಮನೆಯಿಂದಲೇ ಹೆರಿಗೆಗೆ ಕರೆ ಬರುತ್ತದೆ. ಹೆಪ್ಪುಗಟ್ಟಿದ ಹೊಳೆ ದಾಟಿ ಹೋಗುತ್ತಾಳೆ, ಹೆರಿಗೆ ಮಾಡಿಸುತ್ತಾಳೆ, ಒಂದು ಮಾತಾಡದೆ ವಾಪಸು ಬರುತ್ತಾಳೆ. ಹೋಗಬಾರದಿತ್ತು ಅಂತ ಜಗಲಿಯಲ್ಲಿ ಅರ್ಧ ಜನ. ಕಲ್ಯಾಣಿ ದೊಡ್ಡಮ್ಮ ನೂಲನ್ನು ಹಲ್ಲಲ್ಲಿ ಕಡಿದು ತೀರ್ಪು ಕೊಟ್ಟರು: "ಹೆರಿಗೆ ನೋವಿಗೆ ಕೋರ್ಟು ಕಚೇರಿ ಉಂಟಾ? ಹೋಗ್ಲೇಬೇಕು."

ಗೆರ್ಡಾ ಎದ್ದು ನಿಂತಳು. "ಹೊಳೆಯ ಮಧ್ಯದಲ್ಲಿ ಅವಳ ಲಾಟೀನು ಆರುತ್ತದೆ" ಅಂದಳು.

"ಆರುತ್ತದೆ" ಅಂದೆ ನಾನು.

ಅದೇ ಕತೆ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಪೂರ್ವ ಜರ್ಮನಿಯ ಅವಳ ಶಾಲೆಯಲ್ಲಿ ರಷ್ಯನ್ ಪಾಠವಾಗಿತ್ತಂತೆ. ರಷ್ಯನ್ ಕಡ್ಡಾಯ, ಮಕ್ಕಳಿಗೆ ಅದು ಹರಳೆಣ್ಣೆ. ಟೀಚರು ಕೇಳುತ್ತಿದ್ದದ್ದು, ಈ ಸೂಲಗಿತ್ತಿ ಯಾವ ವರ್ಗದ ಪ್ರತಿನಿಧಿ? ಸರಿ ಉತ್ತರ ಬರೆದರೆ ಮಾರ್ಕು. ಆದರೆ ಗೆರ್ಡಾಳ ಅಪ್ಪ ಯುದ್ಧದಲ್ಲಿ ರಷ್ಯದವರ ಕೈಗೆ ಸೆರೆ ಸಿಕ್ಕಿದ್ದವರು. ಶಿಬಿರದ ಬೇಲಿಯಾಚೆಯಿಂದ ಒಬ್ಬ ಮುದುಕಿ ದಿನಕ್ಕೊಂದು ಬೇಯಿಸಿದ ಬಟಾಟೆ ಎಸೆಯುತ್ತಿದ್ದಳಂತೆ. ಆ ಮುದುಕಿಯ ಮಾತು ತಿಳಿಯಬೇಕು ಅಂತಲೇ ಅವರು ರಷ್ಯನ್ ಕಲಿತದ್ದು. ಊರಿಗೆ ಬಂದು ಆ ಕತೆಪುಸ್ತಕ ಕೊಂಡು, ಅಂಚಿನಲ್ಲಿ ಪೆನ್ಸಿಲಿನಿಂದ ಜರ್ಮನ್ ಅರ್ಥ ಬರೆದು ಮಗಳಿಗೆ ಓದಿ ಹೇಳಿದರು. ಅಪ್ಪನ ದೆಸೆಯಿಂದಲೇ ಗೆರ್ಡಾ ರಷ್ಯನ್ ಟೀಚರಾದಳು. ಗೋಡೆ ಬಿದ್ದು ಎರಡು ಜರ್ಮನಿ ಒಂದಾದ ಮೇಲೆ ರಷ್ಯನ್ ಯಾರಿಗೂ ಬೇಡವಾಯಿತು. ಶಾಲೆಯವರು ಪುಸ್ತಕಗಳನ್ನು ಕಸದ ದೊಡ್ಡ ತೊಟ್ಟಿಗೆ ಸುರಿದರು, ಅವಳಿಗೆ ಲೆಕ್ಕಪತ್ರದ ಕೆಲಸ ಕಲಿಯಿರಿ ಅಂದರು.

"ಅಪ್ಪನ ಪುಸ್ತಕ ಈಗಲೂ ಉಂಟು. ನಮ್ಮ ಓದುಕೂಟದ ಕಪಾಟಿನಲ್ಲಿ ಇಟ್ಟಿದ್ದೇನೆ. ಮನೆಯಲ್ಲಿಟ್ಟರೆ ಪುಸ್ತಕ ನಿದ್ದೆ ಮಾಡುತ್ತದೆ" ಅಂದಳು. "ಶನಿವಾರ ನನ್ನ ಜೊತೆ ಬಾ. ನಿನ್ನ ಬೀಡಿ ಹೆಂಗಸರ ಕತೆ ಅವರೂ ಕೇಳಲಿ."

ರುಮೈಥಿಯಾ, ಶನಿವಾರ

ಓದುಕೂಟ ಸೇರುವುದು ಕಾರಿನ್ ಎಂಬವಳ ವಿಲ್ಲಾದಲ್ಲಿ. ನಾಲ್ಕು ಗಂಟೆಗೆ ಅಂದಿದ್ದರು. ನಾವು ನಾಲ್ಕಕ್ಕೆ ಆರು ನಿಮಿಷ ಇರುವಾಗ ತಲುಪಿದೆವು. ಗೆರ್ಡಾ ಕಾರನ್ನು ಗೇಟಿನ ಎದುರೇ ನಿಲ್ಲಿಸಿ ಗಡಿಯಾರ ನೋಡುತ್ತಾ ಕೂತಳು. ಹಿಂದೆ ಇನ್ನೂ ಎರಡು ಕಾರು ಬಂದು ಹಾಗೆಯೇ ಕಾದವು. ಸರಿ ನಾಲ್ಕಕ್ಕೆ ಮೂರೂ ಕಾರಿನ ಬಾಗಿಲು ಒಟ್ಟಿಗೆ ತೆರೆದವು. ನಮ್ಮೂರಲ್ಲಿ ನಾಲ್ಕು ಗಂಟೆಯ ಸಭೆಗೆ ಮೈಕಿನವನು ಬರುವುದೇ ನಾಲ್ಕೂವರೆಗೆ.

ಒಳಗೆ ಹದಿಮೂರು ಜನ, ಹೆಚ್ಚಿನವರು ಹೆಂಗಸರು. ಮಾತಾಡಬೇಕಾದವರು ಪೆನ್ಸಿಲು ಎತ್ತಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ನನಗೆ ಉಸಿರು ಕಟ್ಟಿತು. ಗೋಡೆಯುದ್ದಕ್ಕೂ ಕಪಾಟು. ಕುವೈತು ಬಿಟ್ಟು ಹೋಗುವವರು ಪುಸ್ತಕಗಳನ್ನು ಇಲ್ಲಿ ಇಟ್ಟು ಹೋಗುತ್ತಾರಂತೆ, ಅದನ್ನು ಶುರು ಮಾಡಿದವಳೇ ಗೆರ್ಡಾ. ನಾನು ಬೀಡಿಯ ಕತೆ ಹೇಳಿದೆ. ನಕ್ಕರು, ಚಪ್ಪಾಳೆ ತಟ್ಟಿದರು, ಸೇಬಿನ ಕೇಕು ಕೊಟ್ಟರು. ಕಾರಿನ್ ನನ್ನ ಕೈ ಹಿಡಿದು, "ಎಷ್ಟು ಸುಂದರ! ಎಷ್ಟು ಮುಗ್ಧ!" ಅಂದಳು. ಆ ಎರಡನೆಯ ಮಾತು ಕೇಕಿನ ಜೊತೆ ಇಳಿಯಲಿಲ್ಲ.

ಆಮೇಲೆ ನಿಜವಾದ ಮಾತು ಬಂತು. ಪಕ್ಕದಲ್ಲಿ ಕೂತು ಗೆರ್ಡಾ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಕಪಾಟಿನ ರಷ್ಯದ ಪುಸ್ತಕಗಳನ್ನು ಏನು ಮಾಡುವುದು? ಉಕ್ರೇನಿನಲ್ಲಿ ಯುದ್ಧ ನಡೆಯುತ್ತಿರುವಾಗ ಅವನ್ನು ಇಟ್ಟುಕೊಳ್ಳುವುದು ಸರಿಯಾ? ಕಾರಿನ್ ಪಶ್ಚಿಮ ಜರ್ಮನಿಯವಳು. ಅವಳ ಅಪ್ಪ ರಷ್ಯದಿಂದ ಗಡೀಪಾರಾದ ಲೇಖಕರ ಪುಸ್ತಕಗಳನ್ನು ಮಾತ್ರ ಕೊಳ್ಳುತ್ತಿದ್ದರಂತೆ, ಕೆಲವನ್ನು ಓದದೆಯೇ. "ಒಂದೊಂದು ಪುಸ್ತಕವೂ ಮಾಸ್ಕೋ ಮೇಲೆ ಎಸೆಯುವ ಒಂದೊಂದು ಕಲ್ಲು ಅಂತಿದ್ದರು. ಹಳೆಯ ದೊಡ್ಡ ಲೇಖಕರನ್ನೂ ನಾವು ಆತ್ಮ, ನೋವು, ಹಿಮ ಅಂತ ಆರಾಧಿಸಿದೆವು. ಅವರ ಸಾಮ್ರಾಜ್ಯದ ಮದವನ್ನು ನೋಡಲೇ ಇಲ್ಲ. ಇನ್ನು ಸಾಕು."

ಗೆರ್ಡಾ ಪೆನ್ಸಿಲು ಎತ್ತಿದಳು. "ನಿಮಗೆ ಕಲ್ಲು, ನಮಗೆ ಶಾಲೆಯಲ್ಲಿ ಕುಡಿಸಿದ ಔಷಧಿ. ಎರಡು ಕಡೆಯೂ ಪುಸ್ತಕ ಅಂತ ಓದಿದವರು ಕಡಿಮೆ. ಮದ ಇದ್ದರೆ ಓದಿ ತೋರಿಸೋಣ, ಇದೋ ಈ ಪುಟದಲ್ಲಿ ಅಂತ. ಪುಸ್ತಕವೇ ಇಲ್ಲದಿದ್ದರೆ ಏನನ್ನು ತೋರಿಸುವುದು?"

ನನಗೂ ಆಗ ಹೊಳೆಯಿತು. ನಮ್ಮ ವ್ಯಾನು ಮಾತ್ರ ಪುಣ್ಯಕ್ಕೆ ಬಂದಿತ್ತಾ? ಕಾರಿನ್‌ಗೆ, ಗೆರ್ಡಾಳಿಗೆ, ನನಗೆ, ಮೂವರಿಗೂ ಯಾರೋ ಒಂದು ಉದ್ದೇಶ ಇಟ್ಟುಕೊಂಡೇ ಆ ಪುಸ್ತಕಗಳನ್ನು ಕೈಗೆ ಕೊಟ್ಟಿದ್ದರು. ಆದರೆ ಕೊಟ್ಟವನ ಉದ್ದೇಶ ಪೂರೈಸಲಿಲ್ಲ ಅಲ್ಲವಾ? ನಮ್ಮ ಜಗಲಿಯಲ್ಲಿ ಕ್ರಾಂತಿ ಆಗಲಿಲ್ಲ, ಸೂಲಗಿತ್ತಿಗಾಗಿ ಅಳು ಬಂತು, ಅಷ್ಟೇ.

"ನಾದಿಯಾ ನಮ್ಮ ಜೊತೆ ಇದ್ದಾಳೆ" ಅಂದಳು ಕಾರಿನ್, ಸ್ವರ ತಗ್ಗಿಸಿ. "ಅವಳು ದಿನಾ ಈ ಕಪಾಟನ್ನು ನೋಡಬೇಕು ಅನ್ನುವುದೇ ನನಗೆ ಸಹಿಸಲಾಗದು."

ಕಿಟಕಿಯ ಪಕ್ಕ ಕೂತಿದ್ದ ಸಣ್ಣ ಮೈಯ ಹೆಂಗಸು ನಾದಿಯಾ. ಉಕ್ರೇನಿನವಳು, ಮಕ್ಕಳಿಗೆ ಜರ್ಮನ್ ಹೇಳಿಕೊಡುತ್ತಾಳೆ. ಅವಳ ಊರಿನ ಮನೆಗೆ ಬಾಂಬು ಬಿದ್ದಿತ್ತು. ತಾಯಿಯನ್ನು ಕರೆದುಕೊಂಡು ಬಂದಾಗ ಈ ಕಾರಿನ್ನೇ ತನ್ನ ಮನೆಯ ಕೆಳಗಿನ ಎರಡು ಕೋಣೆ ಬಿಟ್ಟುಕೊಟ್ಟಳಂತೆ. ಅದನ್ನೂ ಹೇಳಬೇಕು, ನ್ಯಾಯ. ನಾದಿಯಾ ಪೆನ್ಸಿಲು ಎತ್ತಲಿಲ್ಲ. ಅವಳ ಕಡೆ ಯಾರೂ ಪೆನ್ಸಿಲು ಚಾಚಲೂ ಇಲ್ಲ.

ಮುಂದಿನ ಶನಿವಾರ ಓಟಿಗೆ ಹಾಕುವುದು ಅಂತ ತೀರ್ಮಾನವಾಯಿತು. ಎದ್ದು ಬರುವಾಗ ನಾನು, ಕೈ ಸುಮ್ಮನಿರದವಳು, "ಕಪಾಟು ಕ್ರಮದಲ್ಲಿಲ್ಲ, ಬೇಕಾದರೆ ಒಂದು ದಿನ ಬಂದು ಜೋಡಿಸಿಕೊಡುತ್ತೇನೆ" ಅಂದೆ. ಕಾರಿನ್ ಮುಖ ಅರಳಿತು. "ಮಂಗಳವಾರ?"

ರುಮೈಥಿಯಾ, ಮಂಗಳವಾರ

ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಸುನೀತಾ ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ನನ್ನನ್ನು ಇಳಿಸಿ ಹೋದಳು. ನಾನು ಸೆರಗು ಸಿಕ್ಕಿಸಿ ಶುರು ಮಾಡಿದೆ. ಧೂಳು ಒರೆಸಿದೆ, ಅಕ್ಷರ ಕ್ರಮದಲ್ಲಿ ಇಟ್ಟೆ. ಕಾರಿನ್ ಒಂದೊಂದೇ ಪುಸ್ತಕ ತೆಗೆದು ನೆಲದ ಮೇಲೆ ಬೇರೆ ರಾಶಿ ಹಾಕುತ್ತಿದ್ದಳು. ರಷ್ಯದವು ಅಂತ ಗೊತ್ತಾಯಿತು. ಹಲವಕ್ಕೆ ಬೆನ್ನು ಹರಿದಿತ್ತು, ಹೊಲಿಗೆ ಬಿಟ್ಟಿತ್ತು. ನಮ್ಮ ಗ್ರಂಥಾಲಯದಲ್ಲಿ ಪುಸ್ತಕವನ್ನು ಬೇರೆ ರಾಶಿ ಮಾಡುವುದು ಅಂದರೆ ಒಂದೇ ಅರ್ಥ, ಬೈಂಡಿಂಗಿಗೆ. ಮೂವತ್ತು ವರ್ಷ ಅದನ್ನೇ ಮಾಡಿದ ಕೈ. ಓಟು ಶನಿವಾರ ತಾನೇ, ಅಷ್ಟರೊಳಗೆ ಬೇರೆ ಏನು ಮಾಡಿಯಾರು? ಕೇಳಲಿಲ್ಲ. ಕೇಳುವ ಅಗತ್ಯವೇ ಕಾಣಲಿಲ್ಲ.

"ಹೀಗೆ ಬಿಡಿಬಿಡಿಯಾಗಿ ಕಳಿಸಿದರೆ ಹಾಳಾಗುತ್ತದೆ. ಕಟ್ಟಿಕೊಡ್ತೇನೆ, ದಾರ ಕೊಡಿ" ಅಂದೆ. ಕಾರಿನ್ ಒಂದು ಗಳಿಗೆ ನನ್ನ ಮುಖ ನೋಡಿದಳು. ಒಳಗೆ ಹೋಗಿ ದಾರ ತಂದುಕೊಟ್ಟಳು.

ಐದು ಕಟ್ಟು ಕಟ್ಟಿದೆ. ಎಂಥ ಕಟ್ಟು! ನಾಲ್ಕು ಮೂಲೆಗೆ ರಟ್ಟು ಕೊಟ್ಟು, ಅಡ್ಡ ಉದ್ದ ಬಿಗಿದು, ಮೇಲೆ ಬೀಡಿಯ ಗಂಟು. ಅಂಚಿನಲ್ಲಿ ಪೆನ್ಸಿಲಿನ ಬರಹ ಇದ್ದ ಒಂದು ನೀಲಿ ಪುಸ್ತಕ ಕೈಗೆ ಬಂತು. ಗೆರ್ಡಾಳ ಅಪ್ಪನದ್ದು ಇದೇ ಇರಬೇಕು ಅಂತ ಸೆರಗಿನಿಂದ ಒರೆಸಿ, ಪೆಟ್ಟಾಗದಿರಲಿ ಅಂತ ಕಟ್ಟಿನ ನಡುವೆ ಇಟ್ಟೆ. "ನೀನು ಬಂಗಾರ" ಅಂದಳು ಕಾರಿನ್. ಕಾಫಿ ಕೊಟ್ಟಳು. ಕುಡಿದೆ. ರುಚಿಯಾಗಿತ್ತು.

ಸಾಲ್ಮಿಯಾದಿಂದ ಶುವೈಖ್‌ಗೆ

ಬುಧವಾರ ಬೆಳಗ್ಗೆ ಗೆರ್ಡಾ ಸಿಕ್ಕಿದಾಗ ನಾನೇ ಖುಷಿಯಲ್ಲಿ ಹೇಳಿದೆ. "ನಿನ್ನ ಅಪ್ಪನ ಪುಸ್ತಕವನ್ನು ಚಂದ ಮಾಡಿ ಕಟ್ಟಿಟ್ಟಿದ್ದೇನೆ. ಬೈಂಡಿಂಗ್ ಆಗಿ ಬರಲಿ, ಇನ್ನು ಐವತ್ತು ವರ್ಷಕ್ಕೆ ಚಿಂತೆಯಿಲ್ಲ."

"ಯಾವ ಬೈಂಡಿಂಗ್?" ಅಂದಳು.

ಅಲ್ಲೇ ಬಾಗಿಲಲ್ಲಿ ನಿಂತು ಕಾರಿನ್‌ಗೆ ಫೋನು ಮಾಡಿದಳು. ಜರ್ಮನ್ ನನಗೆ ಬಾರದು. ಆದರೆ ಗೋಡೆಗೆ ಕೈ ಊರಿದ ಗೆರ್ಡಾಳನ್ನು ನೋಡಿ ಎಲ್ಲ ಅರ್ಥವಾಯಿತು. ಫೋನು ಇಟ್ಟ ಮೇಲೆ ಅವಳೇ ಹೇಳಿದಳು: ರದ್ದಿ ಕಾಗದದವನು ಬೆಳಗ್ಗೆಯೇ ಬಂದು ಒಯ್ದಿದ್ದ. ಮೂರು ಜನರ ಸಮಿತಿ ಮೊದಲೇ ತೀರ್ಮಾನಿಸಿತ್ತು, ಓಟು ಬರೀ ಔಪಚಾರಿಕ ಅಂತೆ. ಅಪ್ಪನ ಪುಸ್ತಕ ಅದರಲ್ಲಿತ್ತು ಅಂತ ತನಗೆ ಗೊತ್ತಿರಲಿಲ್ಲ, ಬೇಸರವಾಯಿತು, ಆದರೆ ನಿನ್ನ ಭಾರತದ ಗೆಳತಿಯೇ ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದು, ಅವಳಾದರೂ ಹೇಳಬಹುದಿತ್ತಲ್ಲ ಅಂದಳಂತೆ.

ನನ್ನ ಮೈಯೆಲ್ಲ ಉರಿಯಿತು. ಓಟು ಶನಿವಾರ ಅಂತ ಹೇಳಿ ಬುಧವಾರವೇ ಹೆಣ ಸಾಗಿಸುವುದಾ? ಅದಕ್ಕೆ ನನ್ನ ಕೈಯಿಂದ ಚಟ್ಟ ಕಟ್ಟಿಸುವುದಾ? ಹೇಳದೆ ಕೇಳದೆ ದಾರ ತಂದುಕೊಟ್ಟವಳು ಈಗ ನನ್ನ ಹೆಸರು ಹೇಳುತ್ತಾಳೆ! ಗೆರ್ಡಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಕಸದ ತೊಟ್ಟಿ, ಎರಡನೇ ಸಲ" ಅಂತ ಮಾತ್ರ ಹೇಳಿ ಬಾಗಿಲು ಹಾಕಿಕೊಂಡಳು.

ಸಂಜೆ ರಾಘುವಿನ ಎದುರು ಕೂತು ಅತ್ತೆ. ಅವನು ಚಾ ಲೋಟ ಕೆಳಗಿಟ್ಟ. "ಅಳ್ಬೇಡಿ ಅಕ್ಕ. ಈ ಕಡೆಯ ರದ್ದಿ ಎಲ್ಲ ಹೋಗಿ ಸೇರುವುದು ಶುವೈಖ್‌ಗೇ. ನಮ್ಮ ಗೋಡೌನಿನ ಹಿಂದೆ ಒಬ್ಬ ಬ್ಯಾರಿ ಇದ್ದಾರೆ, ಉಳ್ಳಾಲದವರು, ಹಮೀದಾಕ. ಕೇಳುವ, ಹೋದ್ರೆ ಒಂದು ಮಾತು."

ಗುರುವಾರ ಗೆರ್ಡಾಳನ್ನೂ ಕೂರಿಸಿಕೊಂಡು ಹೋದೆವು. ಸಾಲ್ಮಿಯಾದ ಅಂಗಡಿಗಳ ಹೊಳಪೆಲ್ಲ ಶುವೈಖ್‌ನಲ್ಲಿ ಇಲ್ಲ. ಟಯರು, ಎಂಜಿನು, ವೆಲ್ಡಿಂಗಿನ ಕಿಡಿ, ಲಾರಿಗಳ ಹೊಗೆ. ಕಾಗದದ ಅಂಗಳದಲ್ಲಿ ರಟ್ಟಿನ ಗುಡ್ಡಗಳು. ಒಂದು ಯಂತ್ರ ಅವನ್ನು ನುಂಗಿ, ಒತ್ತಿ, ತಂತಿ ಬಿಗಿದು ಒಂದೊಂದು ಕೋಣೆಯಷ್ಟು ದೊಡ್ಡ ಇಟ್ಟಿಗೆ ಮಾಡಿ ಹೊರಗೆ ತಳ್ಳುತ್ತಿತ್ತು.

"ಊರು ಓಲು ಅಕ್ಕ?" ಅಂತ ತುಳುವಿನಲ್ಲಿ ಕೇಳಿದವರೇ ಹಮೀದಾಕ. ಕಾರ್ಕಳ ಅಂದದ್ದೇ ಕುರ್ಚಿ ಬಂತು. ವಿಷಯ ಕೇಳಿ ಟೊಪ್ಪಿ ಸರಿಸಿ ತಲೆ ಕೆರೆದರು. "ರುಮೈಥಿಯಾದ ಮಾಲು ನಿನ್ನೆಯೇ ಪ್ರೆಸ್ಸಿಗೆ ಹೋಯ್ತಲ್ಲ. ಖಲಾಸ್."

"ಹಮೀದಾಕ, ತಂತಿ ಕತ್ತರಿಸಲಿಕ್ಕೆ ಆಗುವುದಿಲ್ವಾ?" ಅಂದ ರಾಘು.

"ಕಫೀಲ್ ಧಣಿ ಬಂದು ನೋಡಿದ್ರೆ ನನ್ನನ್ನೂ ಒಳಗೆ ಹಾಕಿ ಪ್ರೆಸ್ ಮಾಡ್ತಾರೆ ಮಾರಾಯ." ಆಮೇಲೆ ಗೆರ್ಡಾಳನ್ನು ನೋಡಿದರು. "ಈ ಬಾಯಮ್ಮನಿಗೆ ಎಂತ ಅದರಲ್ಲಿ? ಪಾಸ್‌ಪೋರ್ಟಾ?"

"ಅವರ ಅಪ್ಪನ ಪುಸ್ತಕ" ಅಂದೆ. "ಅಪ್ಪನ ಕೈಬರಹ ಉಂಟು ಅದರಲ್ಲಿ."

ಹಮೀದಾಕ ಅಂಗಳದ ಇಟ್ಟಿಗೆಗಳ ಕಡೆ ತಿರುಗಿದರು. "ನನ್ನ ಬಾಪನ ಕೈಬರಹ ಒಂದು ಚೀಟಿ ಇಲ್ಲ ನನ್ನತ್ರ" ಅಂದವರೇ ಎದ್ದು, ಕತ್ತರಿ ತರಿಸಿ, "ಯಲ್ಲಾ, ಬೇಗ!" ಅಂದರು.

ರುಮೈಥಿಯಾದ ಮಾಲಿದ್ದ ಇಟ್ಟಿಗೆಯ ತಂತಿ ಕಡಿದಾಗ ಅದು ಸಿಡಿದು ಬಿಚ್ಚಿಕೊಂಡಿತು. ಜ್ಯೂಸಿನ ಡಬ್ಬ, ಮೊಟ್ಟೆಯ ಟ್ರೇ, ಪಿಜ್ಜಾದ ಪೆಟ್ಟಿಗೆ. ನಾವು ನಾಲ್ವರು ಕಾಗದದ ಗುಡ್ಡ ಹತ್ತಿ ಕೆದಕಿದೆವು. ಗೆರ್ಡಾ ಒಂದು ಮೊಣಕಾಲಿನವರೆಗೆ ಹುಗಿದು ಹೋದಳು, ರಾಘು ಎಳೆದು ತೆಗೆದ. ಒಂದು ಗಂಟೆ ಆಗಿರಬೇಕು. ರಟ್ಟಿನ ಎಡೆಯಲ್ಲಿ ನನಗೆ ದಾರದ ಗಂಟು ಕಂಡಿತು. ಆ ದೇಶದಲ್ಲಿ ಆ ಗಂಟು ಹಾಕುವವಳು ಇನ್ನೊಬ್ಬಳು ಇರಲಿಕ್ಕಿಲ್ಲ.

ಐದು ಕಟ್ಟುಗಳಲ್ಲಿ ಎರಡು ಸಿಕ್ಕಿದವು. ಮೂರು ಅದಾಗಲೇ ಲಾರಿ ಹತ್ತಿ ಹೋಗಿದ್ದವು. ಸಿಕ್ಕಿದ ಎರಡನೆಯದರ ನಡುವೆ ನೀಲಿ ಪುಸ್ತಕ, ರಟ್ಟು ಕಿತ್ತು, ಯಾವುದೋ ಜ್ಯೂಸು ಕುಡಿದು ಊದಿಕೊಂಡಿತ್ತು. ಗೆರ್ಡಾ ಅಲ್ಲೇ ಕಾಗದದ ಮೇಲೆ ಕೂತು ಪುಟ ಬಿಡಿಸಿದಳು. ಪೆನ್ಸಿಲಿನ ಅಕ್ಷರ ಉಳಿದಿತ್ತು. ಶಾಯಿಯಲ್ಲಿ ಬರೆದಿದ್ದರೆ ಇರುತ್ತಿರಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಆ ಮೂರು ಕಟ್ಟುಗಳೂ ಅಷ್ಟೇ ಚೆನ್ನಾಗಿ ನನ್ನ ಕೈಯಿಂದಲೇ ಕಟ್ಟಿಸಿಕೊಂಡು ಹೋದವಲ್ಲ!

ರುಮೈಥಿಯಾ, ಓಟಿನ ಶನಿವಾರ

"ನೀನು ಬರಬೇಡ, ಇದು ನಮ್ಮ ಮನೆಯೊಳಗಿನ ಜಗಳ" ಅಂದಳು ಗೆರ್ಡಾ. ಹೇಗೆ ಬಾರದಿರಲಿ? ಹೋದೆ. ಈ ಸಲ ನಾವು ನಾಲ್ಕಕ್ಕೆ ಕಾಯಲಿಲ್ಲ. ಹತ್ತು ನಿಮಿಷ ಮೊದಲೇ ಬೆಲ್ಲು ಒತ್ತಿದಳು ಗೆರ್ಡಾ. ಕಾರಿನ್ ಅಡುಗೆಯ ಏಪ್ರನ್ನಿನಲ್ಲೇ ಬಂದು ಬಾಗಿಲು ತೆಗೆದಳು. ಗೆರ್ಡಾ ನೇರ ಹೋಗಿ ನೀಲಿ ಪುಸ್ತಕವನ್ನು ಕಪಾಟಿನ ಖಾಲಿ ಜಾಗದಲ್ಲಿ ನಿಲ್ಲಿಸಿದಳು. ಒಂಟಿ ಪುಸ್ತಕ ನಿಲ್ಲಲಿಲ್ಲ, ಬಿತ್ತು. ಮಲಗಿಸಿ ಇಟ್ಟಳು.

ಎಲ್ಲರೂ ಬಂದರು. ಕಾರಿನ್ ಕ್ಷಮೆ ಕೇಳಿದಳು, ಅಪ್ಪನ ಪುಸ್ತಕಕ್ಕೆ ಮಾತ್ರ. ಅದನ್ನು ಗೆರ್ಡಾ ಮನೆಗೆ ಕೊಂಡುಹೋಗಲಿ, ಅದು ಖಾಸಗಿ. ಸಾರ್ವಜನಿಕ ಕಪಾಟು ಬೇರೆ. ಅಲ್ಲಿ ಯುದ್ಧ ಮುಗಿಯುವವರೆಗೆ ರಷ್ಯದ್ದು ಏನೂ ಬೇಡ. "ನಾವು ಏನನ್ನೂ ಸುಡುತ್ತಿಲ್ಲ" ಅಂದಳು. "ಒಂದು ಕಾಲದಲ್ಲಿ ಪುಸ್ತಕ ಸುಟ್ಟ ನಮ್ಮ ಇತಿಹಾಸ ನಮಗೆ ಗೊತ್ತು. ಸುಮ್ಮನೆ ಪಕ್ಕಕ್ಕೆ ಸರಿಸುತ್ತಿದ್ದೇವೆ."

ನಾನು ಪೆನ್ಸಿಲು ಎತ್ತಿದೆ. ಸದಸ್ಯಳಲ್ಲ, ಆದರೂ ಬಿಟ್ಟರು.

ಜಗಳಕ್ಕೆ ಅಂತಲೇ ಹೋದವಳು ನಾನು. ನಾಲಗೆಯ ತುದಿಯಲ್ಲಿ ಬೈಗುಳ ಸಾಲುಗಟ್ಟಿ ನಿಂತಿತ್ತು. ಕಾರಿನ್‌ಳ ಮುಖ ನೋಡುವಾಗ ಬೇರೆಯೇ ಮಾತು ಹೊರಗೆ ಬಂತು.

"ನೀವು ಸುಡಬೇಕಾಗಿಲ್ಲ ಅಂತ ನನಗೆ ಗೊತ್ತು" ಅಂದೆ. "ನಾನು ನಿವೃತ್ತಿಯಾಗುವ ಮೊದಲಿನ ವರ್ಷ ನಮ್ಮ ಗ್ರಂಥಾಲಯಕ್ಕೆ ಒಬ್ಬರು ಬಂದರು. ಒಳ್ಳೆಯ ಮನುಷ್ಯ, ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಹಿಂದೆ ಓದಿದವರು. ಕೈಯಲ್ಲಿ ಒಂದು ಪಟ್ಟಿ. ಈ ಇಷ್ಟು ಪುಸ್ತಕ ಇವರಿಗೆ ನೋವು ಮಾಡುತ್ತದೆ, ಈ ಇಷ್ಟು ಅವರಿಗೆ, ಗಲಾಟೆ ಬೇಡ ಅಕ್ಕ, ಹಿಂದಿನ ಕಪಾಟಿಗೆ ಇಡಿ ಅಂದರು. ನಾನು ಕುರ್ಚಿ ಕೊಟ್ಟೆ. ಚಾ ತರಿಸಿದೆ. ಅವರು ಓದುತ್ತಾ ಹೋದರು, ನಾನು ತೆಗೆಯುತ್ತಾ ಹೋದೆ. ಬೀಗ ಹಾಕಿದವಳೂ ನಾನೇ. ಯಾರೂ ಹೆದರಿಸಿರಲಿಲ್ಲ. ಆ ಪುಸ್ತಕ ಉಂಟಾ ಅಂತ ಕೇಳಿಕೊಂಡು ಬಂದ ಕಾಲೇಜಿನ ಹುಡುಗಿಗೆ, ಬೈಂಡಿಂಗಿಗೆ ಹೋಗಿದೆ ಅಂತ ಸುಳ್ಳು ಹೇಳಿದೆ. ಹೀಗೆ ಮಾಡುವುದು ಬೆಂಕಿ ಹಚ್ಚಿ ಅಲ್ಲ ಅಮ್ಮ. ಚಾ ಕುಡಿಸಿ, ಕಾಫಿ ಕುಡಿಸಿ ಮಾಡುವುದು. ನಿಮ್ಮ ಮೇಲೆ ನನಗೆ ಬಂದ ಸಿಟ್ಟು ದೊಡ್ಡದು. ಅರ್ಧ ನನ್ನ ಮೇಲಿನದ್ದು."

ಈ ವಿಷಯವನ್ನು ನಾನು ಸುನೀತಾಳಿಗೂ ಹೇಳಿರಲಿಲ್ಲ. ಜರ್ಮನಿಯವರ ಎದುರು ಹೇಳಿ ಕೂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಆದರೆ ಇಲ್ಲಿ ನಾದಿಯಾ ಇದ್ದಾಳೆ" ಅಂದಳು ಕಾರಿನ್. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಇದೆಲ್ಲ ಅವಳಿಗಾಗಿ."

ಕಿಟಕಿಯ ಪಕ್ಕದಿಂದ ಪೆನ್ಸಿಲು ಎದ್ದಿತು. ನಾದಿಯಾ ಎಲ್ಲರಿಗೂ ತಿಳಿಯಲಿ ಅಂತ ಇಂಗ್ಲಿಷಿನಲ್ಲಿ, ಒಂದೊಂದು ಪದ ಹುಡುಕಿ ಮಾತಾಡಿದಳು.

"ನನ್ನನ್ನು ಒಬ್ಬರೂ ಕೇಳಲಿಲ್ಲ. ಕಾರಿನ್, ನೀನು ನನ್ನ ತಾಯಿಗೆ ಹಾಸಿಗೆ ಕೊಟ್ಟವಳು, ನಾನು ಮರೆಯುವುದಿಲ್ಲ. ಆದರೆ ಕೇಳಲಿಲ್ಲ. ಆ ಪುಸ್ತಕಗಳನ್ನು ನಾನು ಓದಲಾರೆ. ಆ ಭಾಷೆ ಕಿವಿಗೆ ಬಿದ್ದರೆ ನನಗೆ ಊಟ ಸೇರುವುದಿಲ್ಲ. ನಾಳೆಯೂ ಓದಲಾರೆ, ಬಹುಶಃ ಸಾಯುವವರೆಗೆ ಓದಲಾರೆ. ಆದರೆ ಬೇಡ ಅನ್ನಬೇಕಾದವಳು ನಾನು. ಕಪಾಟಿನಲ್ಲಿ ಇಲ್ಲದ ಪುಸ್ತಕವನ್ನು ನಾನು ಹೇಗೆ ಬೇಡ ಅನ್ನಲಿ? ನನ್ನಿಂದ ಅದನ್ನೂ ತೆಗೆದುಕೊಳ್ಳುತ್ತೀರಾ?"

ಇಂಥ ಮಾತು ಆದ ಮೇಲೆ ಓಟು ಯಾಕೆ ಬೇಕು ಹೇಳಿ! ನಮ್ಮೂರಿನ ಪಂಚಾಯತಿಯಲ್ಲಾದರೆ ಒಬ್ಬನಾದರೂ ಎದ್ದು, "ಬಿಡಿ ಮಾರಾಯ್ರೆ, ಮುಗೀತು" ಅಂತಿದ್ದ. ಇಲ್ಲಿ ಕಾರ್ಯಸೂಚಿಯಲ್ಲಿ ಓಟು ಅಂತ ಬರೆದಿದೆ, ಆದ್ದರಿಂದ ಓಟು ಆಗಲೇಬೇಕು. ಕೈ ಎತ್ತಿದರು. ಪುಸ್ತಕ ಬೇಡ ಅಂತ ಒಂಬತ್ತು. ಬೇಕು ಅಂತ ಮೂರು, ಅದರಲ್ಲಿ ಒಂದು ನಾದಿಯಾಳದ್ದು. ಕನ್ನಡಕದ ಒಬ್ಬ ಗಂಡಸು ಯಾವ ಕಡೆಗೂ ಎತ್ತದೆ ಕೇಕು ತಿನ್ನುತ್ತಿದ್ದ. ಒಂಬತ್ತರಲ್ಲಿ ನಾಲ್ಕು ಜನ ಕೈ ಎತ್ತುವಾಗ ನಾದಿಯಾಳ ಕಡೆಗೆ ಅನುಕಂಪದಿಂದ ನೋಡಿದರು. ನಿನಗೆ ಏನು ಒಳ್ಳೆಯದು ಅಂತ ನಮಗೆ ಗೊತ್ತು ಮಗಳೇ ಅನ್ನುವ ನೋಟ. ಆ ನೋಟವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಗೆರ್ಡಾ ಪುಸ್ತಕ ತೆಗೆದು ಚೀಲಕ್ಕೆ ಹಾಕಿದಳು. ಹೊರಗೆ ಕಾರಿನಲ್ಲಿ ಕೂತು ಕೀ ತಿರುಗಿಸದೆ, "ಇದನ್ನು ನಿನ್ನ ಊರಿಗೆ ಕೊಂಡುಹೋಗು" ಅಂದಳು. "ನಿನ್ನ ಗ್ರಂಥಾಲಯದಲ್ಲಿಡು. ಅಲ್ಲಿ ಯಾರಿಗೂ ಇದರ ಮೇಲೆ ಸಿಟ್ಟಿಲ್ಲ."

"ಬೇಡ" ಅಂದೆ. "ಈಗಷ್ಟೇ ಕೇಳಿದೆಯಲ್ಲ ನನ್ನ ಗ್ರಂಥಾಲಯದ ಕತೆ. ನನ್ನ ಕೈಗೆ ಕೊಡಬೇಡ. ನಿನ್ನ ಮನೆಯಲ್ಲೇ ಒಂದು ಶನಿವಾರ ಮಾಡು."

ಸಾಲ್ಮಿಯಾ, ಕೊನೆಯ ಶನಿವಾರ

ನಾನು ಊರಿಗೆ ಹೊರಡುವ ಹಿಂದಿನ ದಿನ ಗೆರ್ಡಾಳ ಮನೆಯಲ್ಲಿ ಸೇರಿದೆವು. ಕರೆದದ್ದು ಎಲ್ಲರನ್ನೂ, ಕಾರಿನ್‌ಳನ್ನು ಕೂಡ. ಬಂದದ್ದು ನಾದಿಯಾ ಮಾತ್ರ, ತಾಯಿಯನ್ನು ಕರೆದುಕೊಂಡು. ಕಾರಿನ್‌ಳ ಮನೆಯ ಕೆಳಗಿನ ಕೋಣೆಗಳಲ್ಲೇ ಇನ್ನೂ ಇದ್ದಾರೆ. ಹೊರಡುವಾಗ ಎಲ್ಲಿಗೆ ಅಂತ ಕಾರಿನ್ ಕೇಳಿದಳಂತೆ, ಹೇಳಿದರಂತೆ. ಅವಳು ಕಾರಿನ ಕೀ ಕೊಟ್ಟಳಂತೆ. ಮನುಷ್ಯರು ಒಂದೇ ಬಣ್ಣದವರಲ್ಲ, ಏನು ಮಾಡುವುದು.

ಮೇಜಿನ ನಡುವೆ ಆ ಪುಸ್ತಕ. ಗೆರ್ಡಾ ಹೊಸ ರಟ್ಟು ಹಾಕಿ ಒಣಗಿಸಿದ್ದಳು, ಇನ್ನೂ ಸ್ವಲ್ಪ ಊದಿಕೊಂಡೇ ಇತ್ತು. ನಾದಿಯಾ ಒಳಗೆ ಬಂದವಳು ಅದನ್ನು ನೋಡಿ ಬಾಗಿಲಲ್ಲೇ ನಿಂತಳು. ಗೆರ್ಡಾ ಎತ್ತಿಡಲಿಕ್ಕೆ ಕೈ ಚಾಚಿದಳು.

"ಇರಲಿ" ಅಂದಳು ನಾದಿಯಾ. ಆಮೇಲೆ, "ಇವತ್ತು ತೆರೆಯಬೇಡ."

"ಸರಿ" ಅಂದಳು ಗೆರ್ಡಾ.

ಅಪ್ಪನ ಪುಸ್ತಕ, ಕಸದ ಗುಡ್ಡದಿಂದ ಉಳಿದು ಬಂದದ್ದು, ತನ್ನದೇ ಮನೆ, ತನ್ನದೇ ಮೇಜು. ಓದುತ್ತೇನೆ ಅಂದಿದ್ದರೆ ಯಾರು ತಡೆಯುತ್ತಿದ್ದರು? ಅವಳು ತೆರೆಯಲಿಲ್ಲ. ಓದುಕೂಟದ ಮೊದಲ ದಿನ ಏನನ್ನೂ ಓದದೆ ಎರಡು ಗಂಟೆ ಕಳೆದೆವು. ನಾನು ಕರಿದು ತಂದಿದ್ದ ಗೋಳಿಬಜೆಯ ಹಿಟ್ಟಿಗೆ ಮೊಸರು ಎಷ್ಟು ಹುಳಿ ಇರಬೇಕು ಅಂತ ನಾದಿಯಾಳ ತಾಯಿ ಕೈಸನ್ನೆಯಲ್ಲಿ ಕೇಳಿದರು, ನಾನು ಮುಖ ಹಿಂಡಿ ತೋರಿಸಿದೆ. ತಮ್ಮ ಊರಲ್ಲೂ ಇಂಥದ್ದೊಂದು ಇದೆ, ಒಳಗೆ ಚೆರ್ರಿ ಹಣ್ಣು ಇಡುತ್ತೇವೆ ಅಂತ ಅವರು ಬೆರಳಲ್ಲಿ ಗುಂಡಗೆ ಮಾಡಿ ತೋರಿಸಿದರು. ಮಾತಾಡಲಿಕ್ಕೆ ಪೆನ್ಸಿಲು ಎತ್ತುವವರಿರಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡಿದೆವು.

ಚಹಾದ ಲೋಟ ಇಡಲಿಕ್ಕೆ ಮೇಜಿನಲ್ಲಿ ಜಾಗ ಸಾಲಲಿಲ್ಲ. ನಾದಿಯಾ ಲೋಟ ಕೈಯಲ್ಲೇ ಹಿಡಿದುಕೊಂಡು ಒಂದು ಕ್ಷಣ ಆ ಪುಸ್ತಕ ನೋಡಿದಳು. ಅದನ್ನು ಮುಟ್ಟಲಿಲ್ಲ, ಸರಿಸಿ ಅಂತಲೂ ಹೇಳಲಿಲ್ಲ. ತನ್ನ ಕುರ್ಚಿಯನ್ನೇ ಮೇಜಿನ ಇನ್ನೊಂದು ಬದಿಗೆ ಎಳೆದುಕೊಂಡು, ಅಲ್ಲಿ ಲೋಟ ಇಟ್ಟು, ಕೂತಳು.